ಮೂರನ್ನು ಎಂಟು ಮಾಡಿದ ಪತ್ರ

ಸ್ವೀಡನ್ನಿನ ಸೋಲ್ನಾದ ಪ್ರಯೋಗಾಲಯದಲ್ಲಿ ಒಂದು ಬೇಸಿಗೆ ನನಗೆ ಕೆಲಸ ಕಲಿಸಿದ, ಕನ್ನಡದವರೇ ಆದ ಮೇಡಂ, ತಪ್ಪು ಬರೆದರೆ ಪೆನ್ನಿನಿಂದ ಮೇಜು ತಟ್ಟುತ್ತಿದ್ದರು. “ಅಳಿಸ್ಬೇಡ, ಗೆರೆ ಹೊಡಿ. ತಪ್ಪೂ ಕಾಣ್ಬೇಕು.”

ಐದು ವರ್ಷಗಳ ನಂತರ ಇಂಗ್ಲೆಂಡಿನ ವೈದ್ಯಕೀಯ ಕಾಲೇಜೊಂದು ಹೊಸ ಶಿಫಾರಸು ಪತ್ರ ಕೇಳಿತು. ದೊಡ್ಡವರಿಗೆ ಮತ್ತೆ ತೊಂದರೆ ಕೊಡಲು ಸಂಕೋಚಪಟ್ಟು, ಮೇಡಂ ಅಂದು ಬರೆದುಕೊಟ್ಟಿದ್ದ ಪತ್ರದಲ್ಲೇ 2003ರ ಮೂರನ್ನು ಎಂಟು ಮಾಡಿ ಕಳಿಸಿದೆ. ಕಾಲೇಜಿನವರು ಅನುಮಾನಪಟ್ಟು ಅವರನ್ನೇ ವಿಚಾರಿಸಿದರು.

ಮೇಡಂ ನನ್ನನ್ನು ಫಿಕಾಗೆ, ಅಂದರೆ ಸ್ವೀಡನ್ನಿನವರ ಕಾಫಿ-ತಿಂಡಿಯ ಹೊತ್ತಿಗೆ, ಕರೆದರು. ಕಾಫಿ ಬಗ್ಗಿಸಿ, ಬನ್ನಿನ ತಟ್ಟೆಯನ್ನು ನನ್ನತ್ತ ಸರಿಸಿದರು.

“ಕೇಳಿದ್ರೆ ಇನ್ನೊಂದು ಬರ್ಕೊಡ್ತಿರ್ಲಿಲ್ವೇನೇ, ಪುಟ್ಟಿ?”

“ಅವರಿಗೆ ಏನಂತ ಹೇಳಿದ್ರಿ, ಮೇಡಂ?”

“ಇಸವಿ ನಾನೇ ತಿದ್ದಿದ್ದು ಅಂದೆ.” ಹಾಗೆನ್ನುವಾಗ ಅವರು ಕಿಟಕಿಯತ್ತ ನೋಡುತ್ತಿದ್ದರು.

ಸೀಟು ಸಿಕ್ಕಿತು. ಅಭಿನಂದಿಸಲು ಮೇಡಂ ಫೋನು ಮಾಡಿದಾಗ, ಫೋನಿನ ಪಕ್ಕದಲ್ಲೇ ನಿಂತಿದ್ದ ನಾನು, ಮನೆಯಲ್ಲಿಲ್ಲವೆಂದು ಅಮ್ಮನಿಂದ ಹೇಳಿಸಿದೆ.