ಹರದಾರಿಗೊಮ್ಮೆ ನಿಲ್ಲುವ ಮೋಟಾರು

ಕಮಲಾಪುರದಲ್ಲಿ ಬಂಡಿ ಮುರಿದರೆ ಜನ ಮೊದಲು ನೆನೆಯುತ್ತಿದ್ದುದು ಬಡಿಗ ದೌಲಪ್ಪನನ್ನು. ಗಾಲಿಯ ಕಿರುಗುಟ್ಟುವಿಕೆ ಕೇಳಿಯೇ ಅಚ್ಚು ಸವೆದಿದೆಯೋ, ಹಳಿ ಸಡಿಲಾಗಿದೆಯೋ ಹೇಳಬಲ್ಲ ಕಿವಿ ಅವನದು. ಸಾಲೆಯ ಕಟ್ಟೆ ಹತ್ತಿದವನಲ್ಲ. ಕಲಿಸಿದ ಗುರುವಿನ ಹೆಸರು ಕೇಳಿದರೆ ತನ್ನ ಎರಡೂ ಕೈ ಎತ್ತಿ ತೋರಿಸುತ್ತಿದ್ದ.

ನಿಜಾಮ ಸರಕಾರದ ಆ ಕಾಲದಲ್ಲಿ ಕಲಬುರಗಿಯಿಂದ ಕಮಲಾಪುರಕ್ಕೆ ಒಂದೇ ಒಂದು ಬಾಡಿಗೆ ಮೋಟಾರು ಓಡುತ್ತಿತ್ತು. ಕಲಬುರಗಿಯ ರೋಜಾ ಓಣಿಯ ಕರೀಂಸಾಬನದು. ಓಡುತ್ತಿತ್ತು ಅನ್ನುವುದಕ್ಕಿಂತ ನಿಲ್ಲುತ್ತಿತ್ತು ಅಂದರೇ ಸರಿ. ಒಂದು ಹರದಾರಿ, ಅಂದರೆ ಮೂರು ಮೈಲಿ ಹೋಗುವುದು, ಎರಡು ಸಲ ಕೆಮ್ಮುವುದು, ನಿಂತುಬಿಡುವುದು. ಇಳಿದು, ಬೈದು, ಅಲ್ಲಿ ಇಲ್ಲಿ ಬಿಚ್ಚಿ ನೋಡಿ, ಬೀಡಿ ಸೇದಿ ಹತ್ತಿದರೆ ಏನೂ ಆಗದಂತೆ ಮತ್ತೆ ಹೊರಡುವುದು. ಅದಕ್ಕೆ ಗಾಳಿ ಬಡಿದಿದೆ ಎಂದು ಕೆಲವರು, ದಾರಿಯಲ್ಲೇ ದೋಷವಿದೆ ಎಂದು ಕೆಲವರು ಮಾತಾಡಿಕೊಂಡರು.

ಒಂದು ದಿನ ಅದು ದೌಲಪ್ಪನ ಮನೆಯ ಮುಂದೆಯೇ ನಿಂತಿತು. ಕರೀಂಸಾಬ ಕೆಳಗಿಳಿದು ಗಾಲಿಗೆ ಒದ್ದ.

"ಸಾಕಪಾ ದೌಲಪ್ಪ, ಈ ಶೈತಾನನ ಸಹವಾಸ! ಎತ್ತು ನಿಂತರ ಮೇವರ ತಿಂತಾವ, ಇದು ನಿಂತರ ನನ್ನ ಇಜ್ಜತ್ತು ತಿಂತದ. ನಿನ್ನ ಜೋಡಿ ಎತ್ತು ಕೊಡು, ಇದನ್ನ ನೀನೇ ಇಟ್ಕೋ."

"ಕೊಟ್ಟೆ," ಅಂದುಬಿಟ್ಟ ದೌಲಪ್ಪ.

ಹೆಂಡತಿ ಶಿವಕಾಂತಮ್ಮ ಹೊರಗೆ ಬರುವಷ್ಟರಲ್ಲಿ ಎತ್ತುಗಳು ಓಣಿ ದಾಟಿದ್ದವು. ಅವು ಅವಳ ತವರಿನಿಂದ ಬಂದವು.

"ನಮ್ಮಪ್ಪ ಕೊಟ್ಟ ಎತ್ತು ಕೊಟ್ಟು ಈ ತಗಡಿನ ಡಬ್ಬಿ ಕಟ್ಕೊಂಡೀರೇನ್ರಿ? ನಾಳಿ ಇದಕ ನೇಗಿಲಾ ಹೂಡ್ತೀರೇನು?"

ಅವಳ ಸಿಟ್ಟಿಗೂ ಕಾರಣವಿತ್ತು. ಮೋಟಾರಿನ ಒಡೆಯ ಬದಲಾದರೆ ಪರವಾನಗಿಯೂ ಹೊಸದಾಗಬೇಕು. ಅದಕ್ಕೆ ಇಪ್ಪತ್ತು ದಿನದ ವಾಯಿದೆ. ವಾಯಿದೆಯ ಕೊನೆಯ ಸೋಮವಾರ ಮಧ್ಯಾಹ್ನದೊಳಗೆ, ಎಂಟು ಮಂದಿಯನ್ನು ಹೊತ್ತು, ಯಾರೂ ನೂಕದೆ ಎಳೆಯದೆ, ಕಲಬುರಗಿಯ ಪೊಲೀಸು ಅಮೀನಸಾಹೇಬರ ಕಚೇರಿ ಮುಂದೆ ಮೋಟಾರು ಬಂದು ನಿಲ್ಲಬೇಕು. ಇಲ್ಲವಾದರೆ ಆ ದಾರಿಯ ಪರವಾನಗಿ ಬೇರೆಯವರ ಪಾಲು. ಆಗ ದೌಲಪ್ಪನಿಗೆ ಎತ್ತೂ ಇಲ್ಲ, ಮೋಟಾರೂ ಇಲ್ಲ.

ಮರುದಿನವೇ ಅಂಗಳದಲ್ಲಿ ಕಂಬಳಿ ಹಾಸಿದ. ಬಿಚ್ಚಿದ ಒಂದೊಂದು ಬಿಡಿಭಾಗವನ್ನೂ ಬಿಚ್ಚಿದ ಸಾಲಿನಲ್ಲೇ ಇಟ್ಟ. ಯಾವುದರ ಪಕ್ಕದಲ್ಲಿ ಯಾವುದು ಕೂತಿತ್ತು ಎಂಬುದನ್ನು ಗೋಡೆಯ ಮೇಲೆ ಇದ್ದಿಲಿನಿಂದ ಚಿತ್ರ ಬಿಡಿಸಿಟ್ಟ. ಮಸಿ ಹಿಡಿದ ಪ್ಲಗ್ಗುಗಳನ್ನು ಇಟ್ಟಿಗೆಪುಡಿ ಹಾಕಿ ಉಜ್ಜಿದ. ಪೆಟ್ರೋಲು ಹಾಯುವ ಸಣ್ಣ ರಂಧ್ರಗಳಿಗೆ ತಂತಿ ಹಾಕಲಿಲ್ಲ. ತಂತಿ ಹಾಕಿದರೆ ರಂಧ್ರ ಅಗಲವಾಗುತ್ತದೆಂದು ಕುದುರೆಯ ಬಾಲದ ಕೂದಲು ತಂದು ಒಂದೊಂದನ್ನೇ ತೂರಿಸಿ ತೆಗೆದ. ಪೆಟ್ರೋಲನ್ನು ಹಳೆಯ ಸೀರೆಯ ಸೆರಗಿನಲ್ಲಿ ಸೋಸಿದ. ಟಾಕಿಯ ಬಾಯಿಗೆ ಲಾಳಿಕೆ ಇಟ್ಟು, ಸುರಿದು, ಹ್ಯಾಂಡಲ್ ತಿರುವಿದ. ಮೋಟಾರು ಅಂಗಳದಲ್ಲಿ ಒಂದು ತಾಸು ಕೆಮ್ಮದೆ ಗುಡುಗಿತು. ಓಣಿಯ ಕೋಳಿಗಳೆಲ್ಲ ಮಾಳಿಗೆ ಹತ್ತಿದವು.

ಆದರೆ ದಾರಿಗೆ ಬಿಟ್ಟರೆ ಅದೇ ರಾಗ. ಹರದಾರಿಗೆ ನಿಂತಿತು. ಮೂರು ಸಲ ಬಿಚ್ಚಿ ಮೂರು ಸಲ ಜೋಡಿಸಿದ. ಮೂರು ಸಲವೂ ನಿಂತಿತು. ಪ್ರತಿ ಸಲವೂ ಟಾಕಿಯ ಮುಚ್ಚಳ ತಿರುವಿ ಬೇವಿನ ಕಡ್ಡಿ ಅದ್ದಿ ನೋಡುತ್ತಿದ್ದ. ಪೆಟ್ರೋಲು ಬೇಕಾದಷ್ಟಿರುತ್ತಿತ್ತು.

ಸೋಮವಾರ ಬಂತು. ಶಿವಕಾಂತಮ್ಮ ಸಿಟ್ಟು ಇಳಿಯದಿದ್ದರೂ ಪೂಜೆ ಬಿಡಲಿಲ್ಲ. ಮುಂದಿನ ಗಾಜಿನ ಕೆಳಗೆ ನಡುಮಧ್ಯೆ ಅಂಚು ಹೊಳೆಯುವ ದುಂಡನೆಯ ಟಾಕಿಯ ಮುಚ್ಚಳವಿತ್ತಲ್ಲ, ಅದೇ ಮೋಟಾರಿನ ಹಣೆ ಅನ್ನಿಸುವಂತಿತ್ತು. ಅದಕ್ಕೆ ನೀರಲ್ಲಿ ಕಲಸಿದ ವಿಭೂತಿಯನ್ನು ದಪ್ಪಗೆ ಹಚ್ಚಿ, ಕಾಯಿ ಒಡೆದು, ತಾನೂ ಹತ್ತಿ ಕೂತಳು. ಕಿರಾಣಿ ಅಂಗಡಿಯ ಮಹಾದೇವಪ್ಪ, ನೆರೆಮನೆಯ ಮುದುಕಿ ನೀಲಗಂಗಮ್ಮ, ಇನ್ನೂ ಐವರು ಸೇರಿ ಎಂಟು ತಲೆಯಾದವು.

ನಿಂತು ನಿಂತು ಕುರಿಕೋಟಾ ದಾಟಿ ಸ್ವಲ್ಪ ದೂರ. ಕೆಮ್ಮು. ನಿಂತಿತು.

"ಏನಪಾ ದೌಲಪ್ಪ," ಅಂದಳು ನೀಲಗಂಗಮ್ಮ, "ನಾ ನಡಕೊಂತ ಹೊಂಟಿದ್ರ ಈ ಹೊತ್ತಿಗಿ ಕಲಬುರ್ಗ್ಯಾಗ ಚಾ ಕುಡೀತಿದ್ದೆ."

"ಎತ್ತು ಕಟ್ಟಿ ಎಳಸೂಣು ಅಂದ್ರ," ಮಹಾದೇವಪ್ಪ ನಕ್ಕ, "ಎತ್ತೂ ಸಾಬರ ಮನ್ಯಾಗ ಅವ!"

ಬಿಸಿಲು ನೆತ್ತಿಗೆ ಏರುತ್ತಿತ್ತು. ದೌಲಪ್ಪನ ಅಂಗಿ ಬೆನ್ನಿಗಂಟಿತ್ತು. ಕಣ್ಣಿಂದ, ಕೈಯಿಂದ ನೋಡಬೇಕಾದದ್ದನ್ನೆಲ್ಲ ನೋಡಿ ಮುಗಿಸಿದ್ದ. ಉಳಿದದ್ದು ಕಿವಿ ಒಂದೇ.

"ಎಲ್ಲಾರೂ ಇಳೀರಿ," ಅಂದ. "ಆ ಗಿಡದ ಬುಡಕ ಹೋಗಿ ಕೂಡ್ರಿ. ಯಾರೂ ಪಿಟಕ್ ಅನ್ನಬ್ಯಾಡ್ರಿ."

ಇಷ್ಟು ದಿನ ನಿಂತಾಗಲೆಲ್ಲ ಸುತ್ತ ಗದ್ದಲವೇ. ಈಗ ಮೊದಲ ಸಲ ಅಡವಿಯಂಥ ಮೌನ. ದೌಲಪ್ಪ ಮುಚ್ಚಳದ ಪಕ್ಕಕ್ಕೆ ಕಿವಿ ತಂದು ಮೆಲ್ಲಗೆ ತಿರುವಿದ.

ಸುಯ್...

ಒಳಗಿನ ಗಾಳಿ ಹೊರಗೆ ಬಂದದ್ದಲ್ಲ. ಹೊರಗಿನ ಗಾಳಿ ಒಳಗೆ ಹೋಯಿತು. ಬಹಳ ಹೊತ್ತು ಮೂಗು ಮುಚ್ಚಿ ಹಿಡಿದವನು ಉಸಿರೆಳೆದುಕೊಂಡಂತೆ ಟಾಕಿ ಉಸಿರೆಳೆದುಕೊಂಡಿತ್ತು. ದೌಲಪ್ಪ ಮುಚ್ಚಳ ಹಿಡಿದುಕೊಂಡೇ ತಲೆ ಎತ್ತಿದ. ಆಮೇಲೆ ಹೆಂಡತಿಯತ್ತ ತಿರುಗಿದ.

"ಏ, ಇಲ್ಲಿ ಕೇಳು. ಕುಸುಬಿ ಎಣ್ಣಿ ಡಬ್ಬಿಗಿ ನೀ ಎರಡನೇ ತೂತ ಯಾಕ ಹೊಡೀತಿ?"

"ಇದೇನ್ ಕೇಳೂದ್ರಿ ನಡುದಾರ್ಯಾಗ? ಒಂದ್ ತೂತಿಂದ ಗಾಳಿ ಒಳಗ ಹೋಗ್ಲಿಲ್ಲಂದ್ರ ಇನ್ನೊಂದ್ರಿಂದ ಎಣ್ಣಿ ಹೊರಗ ಬರೂದಿಲ್ಲ. ಹುಟ್ಟಿದ ಕೂಸಿಗೂ ಗೊತ್ತದ."

"ಹುಟ್ಟಿದ ಕೂಸಿಗಿ ಗೊತ್ತಿತ್ತು, ನನಗ ಇವತ್ತು ಗೊತ್ತಾತು ನೋಡು!"

ಮುಚ್ಚಳವನ್ನು ಅಂಗೈಯಲ್ಲಿ ಇಟ್ಟುಕೊಂಡು ಉಗುರಿನಿಂದ ಕೆರೆದ. ಮೇಲೆ ವಿಭೂತಿ, ಅದರ ಕೆಳಗೆ ಹಳದಿಗಟ್ಟಿದ ಗಂಧ, ಪದರದ ಮೇಲೆ ಪದರ, ಗಚ್ಚಿನಂತೆ ಗಟ್ಟಿ. ಜಾಲಿಮುಳ್ಳು ಮುರಿದು ತಂದು ಕೆದಕಿದ. ನಟ್ಟನಡುವೆ ಸಾಸಿವೆಕಾಳಿನಷ್ಟು ರಂಧ್ರವೊಂದು ಕಣ್ಣು ಬಿಟ್ಟಿತು. ಮಾಡಿದವನು ಗಾಳಿಗೆಂದೇ ಬಿಟ್ಟ ರಂಧ್ರ ಅದು. ಅಂಗಳದಲ್ಲಿ ಒಂದು ತಾಸು ಓಡಿದ್ದು ಯಾಕೆಂಬುದೂ ಆಗಲೇ ಹೊಳೆಯಿತು: ಅಲ್ಲಿ ಬಾಯಿಗೆ ಲಾಳಿಕೆ ಇತ್ತು, ಮುಚ್ಚಳ ಇರಲಿಲ್ಲ. ದಾರಿಯಲ್ಲಿ ಮತ್ತೆ ಮತ್ತೆ ಜೀವ ಬಂದದ್ದೂ ಬೀಡಿ ಸೇದಿದ್ದಕ್ಕಲ್ಲ, ಮುಚ್ಚಳ ಬಿಚ್ಚಿ ನೋಡಿದ್ದಕ್ಕೆ.

ಶಿವಕಾಂತಮ್ಮ ಸೆರಗಿನಿಂದ ಬಾಯಿ ಮುಚ್ಚಿಕೊಂಡಳು. "ಅಯ್ಯ ಶಿವನೇ! ಹಣಿಗಿ ಹಚ್ಚೀನಂತ ತಿಳಿದಿದ್ದೆ."

"ಮೂಗಿಗಿ ಹಚ್ಚಿದ್ದಿ," ಅಂದ ದೌಲಪ್ಪ. ಇಪ್ಪತ್ತು ದಿನದಲ್ಲಿ ಮೊದಲ ಸಲ ಗಂಡ ಹೆಂಡತಿ ಕೂಡಿ ನಕ್ಕರು.

ಮುಂದಿನ ದಾರಿಯನ್ನು ಮೋಟಾರು ನುಂಗಿಕೊಂಡು ಹೋಯಿತು. ಹರದಾರಿ ದಾಟಿತು, ಎರಡು ದಾಟಿತು, ಕೆಮ್ಮಲಿಲ್ಲ. ಕಲಬುರಗಿಯ ಕಚೇರಿ ಮುಂದೆ ಭೋಂಪು ಒತ್ತಿದಾಗ ಅಮೀನಸಾಹೇಬರು ಇನ್ನೂ ಊಟಕ್ಕೆ ಎದ್ದಿರಲಿಲ್ಲ. ತಮಾಷೆ ನೋಡಲು ಬಂದಿದ್ದ ಕರೀಂಸಾಬನ ಕೈಯಲ್ಲಿದ್ದ ಚಹದ ಬಟ್ಟಲು ಓರೆಯಾಯಿತು.

"ಇದೇ ಮಂದಿ ಕೂಡ ರೋಜಾತನ ಹೋಗಿ ಬಾ," ಅಂದರು ಅಮೀನರು. "ನಡಕ ನಿಂತರ ಪರವಾನಗಿ ಇಲ್ಲ."

ಹೋಗಿ ಬಂದ. ನಿಲ್ಲಲಿಲ್ಲ. ಅಮೀನರು ಸುತ್ತ ಒಂದು ಸುತ್ತು ಹಾಕಿ, ಗಾಲಿ ಮುಟ್ಟಿ, "ಯಾವ ಉಸ್ತಾದನ ಹತ್ರ ಕಲ್ತಿ?" ಎಂದು ಕೇಳಿದರು.

ದೌಲಪ್ಪ ಹೆಂಡತಿಯತ್ತ ಕೈ ತೋರಿಸಿದ. "ಇಕಿ ಎಣ್ಣಿ ಡಬ್ಬಿ ಹತ್ರರೀ ಸಾಹೇಬ್ರ."

ಕತೆ ಕೇಳಿದ ಕರೀಂಸಾಬ ಹಣೆ ಬಡಿದುಕೊಂಡ. "ಯಾ ಅಲ್ಲಾ! ದರ್ಗಾದ ಗಂಧ ತಂದು ಪ್ರತಿ ಬೇಸ್ತವಾರ ನಾನೇ ಹಚ್ಚತಿದ್ದೆ. ತಮ್ಮಾ ದೌಲಪ್ಪ, ನಿನ್ನ ಎತ್ತು ನೀ ಒಯ್ಯಿ, ನನ್ನ ಮೋಟಾರು ನನಗ ಕೊಡು."

ದೌಲಪ್ಪ ಬಾಯಿ ತೆರೆಯುವ ಮುಂಚೆ ಶಿವಕಾಂತಮ್ಮ ಅಂದಳು, "ಎತ್ತು ನಿಮ್ಮ ಹತ್ರಾನೇ ಇರ್ಲಿ ಸಾಬ್ರ. ದಿನಾ ಹತ್ತಿಕಾಳು ತಿನ್ನಸ್ರಿ ಮತ್ತ. ಬರೀ ಜ್ವಾಳದ ಕಣಿಕಿ ಹಾಕಿದ್ರ ನಮ್ಮಪ್ಪನೇ ಬಂದು ಕೇಳ್ತಾನ."

ಕಚೇರಿಯ ಮುಂದಿದ್ದವರೆಲ್ಲ ಹೋ ಎಂದು ನಕ್ಕರು. ಕರೀಂಸಾಬನೂ ನಕ್ಕ. ಪರವಾನಗಿಯ ಉರ್ದು ಕಾಗದದ ಕೆಳಗೆ ದೌಲಪ್ಪ ತನಗೆ ಬರೆಯಲು ಬರುತ್ತಿದ್ದ ಒಂದೇ ಮಾತು, ತನ್ನ ಹೆಸರು, ಅದನ್ನು ಕನ್ನಡದಲ್ಲಿ ಕೊರೆದಂತೆ ಬರೆದ. ಠಸ್ಸೆ ಬಿತ್ತು.

ಮರಳಿ ಹೊರಟಾಗ ದಾರಿಯಲ್ಲಿ ನೀಲಗಂಗಮ್ಮ ನೀರು ಬೇಕೆಂದಳು. ಮಹಾದೇವಪ್ಪ ಎಲೆ ಅಡಿಕೆ ಉಗುಳಲು ಒಂದು ಗಳಿಗೆ ನಿಲ್ಲಿಸು ಎಂದು ಕೈಮುಗಿದ. ದೌಲಪ್ಪ ಇಬ್ಬರ ಮಾತನ್ನೂ ಕಿವಿಗೆ ಹಾಕಿಕೊಳ್ಳಲಿಲ್ಲ. ಭೋಂಪು ಒತ್ತುತ್ತ, ಕಮಲಾಪುರದ ಅಗಸಿ ಬಾಗಿಲು ಕಾಣುವವರೆಗೂ ಎಲ್ಲಿಯೂ ಮೋಟಾರು ನಿಲ್ಲಿಸಲಿಲ್ಲ.