ಎರಡು ತಾಸಿನ ಕಾಡು

ಯುದ್ಧ ಮುಗಿದು ಅಣ್ಣ ತಿಕೋಟಾಕ್ಕೆ ಮರಳಿದಾಗ ಅವನ ಮೈಯಲ್ಲಿ ಎಲುಬು ಬಿಟ್ಟು ಬೇರೇನೂ ಉಳಿದಿರಲಿಲ್ಲ. ಜಪಾನಿನವರ ಸೆರೆಯಾಳಾಗಿ ಸಯಾಮಿನ ಕಾಡಿನಲ್ಲಿ ರೈಲುಹಳಿ ಹಾಕಿ ಬಂದಿದ್ದ. ಅವನನ್ನು ನೋಡಲೆಂದು ನಾನು ಗಂಡನ ಮನೆ ನಿಡೋಣಿಯಿಂದ ಬಂದಿದ್ದೆ. ಅವನು ಹಗಲು ಹೊತ್ತಿನಲ್ಲೂ ಕಣ್ಣು ಮುಚ್ಚಲು ಹೆದರುತ್ತಿದ್ದ.

ಒಂದು ದಿನ ತಾನಾಗಿಯೇ ಹೇಳಿದ: "ಇಬ್ರಾಹಿಂಪುರಕ್ಕ ಹೋಗಬೇಕು. ಒಬ್ಬನ ಕಡಿಂದ ಆಗೂದಿಲ್ಲ, ನೀನೂ ಬಾ."

ಅಲ್ಲಿ ಅವನ ಗೆಳೆಯನ ತಾಯಿ ಇದ್ದಳು. ಮುಸಲ್ಮಾನ ವಿಧವೆ, ಕೌದಿ ಹೊಲಿದು ಬದುಕುವವಳು. ಇಬ್ಬರೂ ಕೂಡಿಯೇ ಪಲ್ಟಣಿಗೆ ಸೇರಿದ್ದರು, ಗೆಳೆಯ ಹಿಂದಿರುಗಿರಲಿಲ್ಲ. ಸರಕಾರ ಆಕೆಗೆ ಹೇಳಿದ್ದು, ಪತ್ತೆಯಿಲ್ಲ ಎಂದಷ್ಟೇ.

ಅಣ್ಣ ಆಕೆಯ ಮುಂದೆ ಕೂತು ತಲೆಯೆತ್ತದೆ ಹೇಳಿದ: "ಜ್ವರ ಬಂದು ತೀರಿಕೊಂಡಾನ್ರಿ, ಅಮ್ಮಾ. ಹಳಿ ಬಾಜೂಕ ನಾನ ಮಣ್ಣು ಮಾಡೇನಿ."

ಆಕೆ ಅಳಲಿಲ್ಲ. ಸೂಜಿಯನ್ನು ಬಟ್ಟೆಗೆ ಚುಚ್ಚಿಟ್ಟು ಕೇಳಿದಳು: "ನೀ ಹೆಂಗ ಬಂದಿ, ಯಪ್ಪಾ?"

"ಇಮಾನದಾಗರಿ. ಬ್ಯಾಂಕಾಕಿನಿಂದ ರಂಗೂನಿಗೆ ಹಾರಿಸ್ಕೊಂಡು ಬಂದ್ರು. ಮುನ್ನೂರೈವತ್ತು ಮೈಲಿ ಅಂದ್ರು. ಎರಡು ತಾಸಿನ ಮ್ಯಾಲ ಆತು."

"ಬರೇ ಎರಡು ತಾಸ?"

"ಹೌದ್ರಿ."

ಆಕೆಯ ಮುಖದಲ್ಲಿ ಏನೋ ಬೆಳಗಿತು. "ತಿಕೋಟಾದಿಂದ ಚಕ್ಕಡಿ ಬರೂದ್ರಾಗ ಮುಗೀತಲ್ಲ! ಅಷ್ಟು ಹತ್ರ ಇದ್ರ ಬರ್ತಾನ ಬಿಡು."

ಅಣ್ಣ ನನ್ನ ಕಡೆ ನೋಡಿದ. ಅಷ್ಟರಲ್ಲಿ ಮನೆಯ ಹಿಂದಿನ ರೈಲುಹಳಿಯ ಮೇಲೆ ಗೂಡ್ಸ್ ಗಾಡಿ ಹಾಯ್ದು ನೆಲ ನಡುಗಿತು. ಅಣ್ಣ ಎರಡೂ ಕೈಯಿಂದ ಕಿವಿ ಮುಚ್ಚಿಕೊಂಡು ಗೋಡೆಗೆ ಅಂಟಿಕೊಂಡ. ಮುದುಕಿ ಎದ್ದು ಬಂದು, ಗಾಡಿ ದಾಟುವ ತನಕ ಅವನ ತಲೆಯನ್ನು ತನ್ನ ಹೊಟ್ಟೆಗೆ ಒತ್ತಿ ಹಿಡಿದುಕೊಂಡಳು.

ಶಬ್ದ ನಿಂತ ಮೇಲೆ ಅವನು ನಮಗ್ಯಾರಿಗೂ ಹೇಳದ ಮಾತು ಹೇಳಿದ. ವಿಮಾನದ ಕಿಟಕಿಗೆ ಮುಖ ಹಚ್ಚಿ ಆ ಜಾಗವನ್ನು ಹುಡುಕುತ್ತಿದ್ದನಂತೆ. ಕೆಳಗೆ ಕಾಡು, ಮೋಡ, ಮತ್ತೆ ಕಾಡು. ಎಷ್ಟೋ ತಿಂಗಳು ಹೆಣ ಹೊತ್ತು ನಡೆದ ದಾರಿ ಅರೆಗಳಿಗೆಯಲ್ಲಿ ಹಿಂದೆ ಸರಿಯಿತಂತೆ. "ಒಂದ ಕಡೆ ಮರ ಕಡಿದ ಬಯಲು ಕಂಡಿತ್ರಿ. ಅಲ್ಲಿ ಒಬ್ಬಾಂವ ನಿಂತು ಕೈ ಬೀಸಾಕತ್ತಿದ್ದ. ಅಷ್ಟು ಎತ್ತರದಿಂದ ಮನಶ್ಯಾ ಕಾಣೂದಿಲ್ಲ ಅಂತ ಬಾಜೂಕಿನಾಂವ ಅಂದ. ನನಗ ಕಂಡಾನ್ರಿ. ಈಗೂ ಕಾಣತಾನ."

"ಕರ್ಯಾಕತ್ತಿದ್ದನೋ, ಹೋಗು ಅನ್ನಾಕತ್ತಿದ್ದನೋ?" ಮುದುಕಿ ಕೇಳಿದಳು.

ಅಣ್ಣ ತಲೆಯಲ್ಲಾಡಿಸಿದ. "ಗೊತ್ತಾಗಲಿಲ್ರಿ."

ಅಂದಿನಿಂದ ಅವನು ವಾರಕ್ಕೊಮ್ಮೆ ಅಲ್ಲಿಗೆ ಹೋಗತೊಡಗಿದ. ನಾನು ನಿಡೋಣಿಯಿಂದ ಬಂದಾಗಲೆಲ್ಲ ಜೊತೆಗೆ ಹೋಗುತ್ತಿದ್ದೆ. ಆಕೆ ಪ್ರತಿ ಸಲ ಅದೇ ಹಾರಾಟ ಕೇಳುವಳು. ಅವನು ಅದೇ ಕಾಡನ್ನು ಹೇಳುವನು. ಇಬ್ಬರ ನಡುವೆ ಆ ಸತ್ತ ಹುಡುಗ ಬಂದು ಕೂತಂತೆ ನನಗನಿಸುತ್ತಿತ್ತು.

ಬೇಸಿಗೆಯ ಒಂದು ಮಧ್ಯಾಹ್ನ ಆಕೆ ಹಾರಾಟದ ಮಾತು ಕೇಳಲಿಲ್ಲ. "ಅಲ್ಲಿ ಮಳಿ ಆಗ್ತದೇನು, ಯಪ್ಪಾ?" ಎಂದಳು.

"ಭಾಳ ಆಗ್ತದರಿ. ತಿಂಗಳಗಟ್ಟಲೆ ಬಿಡೂದಿಲ್ಲ."

"ಹಂಗಾರ ಮಣ್ಣು ತಂಪ ಇರ್ತದ," ಎಂದಳು. "ಅಂವಗ ಬಿಸಿಲು ತಡೀತಿದ್ದಿಲ್ಲ."

ಆಮೇಲೆ ಸೆರಗನ್ನು ಬಾಯಿಗೆ ಒತ್ತಿಕೊಂಡು, ಮೊದಲ ಬಾರಿಗೆ ಅತ್ತಳು. ಅಣ್ಣನೂ ಅತ್ತ. ಮರು ಶುಕ್ರವಾರ ಆಕೆ ಮಗನ ಹೆಸರಿನಲ್ಲಿ, ಸತ್ತವರಿಗೆ ಓದಿಸುವ ಫಾತೆಹಾ ಓದಿಸಿ, ನಮ್ಮಿಬ್ಬರಿಗೂ ಸಿಹಿ ಕೊಟ್ಟಳು.