ಹೂಲಿಕಟ್ಟಿ ಸಾಹೇಬರು ಬಿಟ್ಟುಕೊಟ್ಟ ಮೊಕದ್ದಮೆ

ರಾಮದುರ್ಗ, ಸವದತ್ತಿ, ಬೈಲಹೊಂಗಲ ನ್ಯಾಯಾಲಯಗಳಲ್ಲಿ ಮೂವತ್ತೊಂದು ವರ್ಷ ಸರ್ಕಾರದ ಪರವಾಗಿ ನಿಂತು, ಮಟಕಾ ಚೀಟಿಯಿಂದ ಮೊಬೈಲಿನ ಆಟದವರೆಗೆ ಬಗೆಬಗೆಯ ಜೂಜಿನ ಮೊಕದ್ದಮೆಗಳನ್ನು ನಡೆಸಿದ ಸರ್ಕಾರಿ ಅಭಿಯೋಜಕರಾದ ಶ್ರೀ ದುಂಡಪ್ಪ ಹೂಲಿಕಟ್ಟಿಯವರು ಈ ತಿಂಗಳು ನಿವೃತ್ತರಾಗುತ್ತಿದ್ದಾರೆ. ಜೂಜಿನ ಕಾನೂನನ್ನು ಅವರಷ್ಟು ಬಲ್ಲವರು ಈ ಸೀಮೆಯಲ್ಲಿ ಇಲ್ಲ. ಇಸ್ಪೀಟಿನ ಎಲೆ ಹಿಡಿಯುವುದು ಮಾತ್ರ ಅವರಿಗೆ ಇಂದಿಗೂ ಬಾರದು.

ಸವದತ್ತಿಯಲ್ಲಿ ನಾನು ಅವರ ಕೈಕೆಳಗೆ ತರಬೇತಿಗೆ ಸೇರಿದೆ. ಮನೆ ಬಿಟ್ಟು ಬಂದ ನನಗಾಗಿ ಬುತ್ತಿಯಲ್ಲಿ ಎರಡು ರೊಟ್ಟಿ ಹೆಚ್ಚಿಗೆ ತಂದು ಉಣಿಸಿ, ಕೈ ತೊಳೆದ ಮೇಲೆ ನನ್ನ ಬರವಣಿಗೆಯ ತಪ್ಪುಗಳನ್ನು ಒಂದೂ ಬಿಡದೆ ಎತ್ತಿ ಆಡುತ್ತಿದ್ದರು. ಅವರು ಕಲಿಸಿದ ಮೊದಲ ನಿಯಮವಿದು: ಆರೋಪಿಯೊಂದಿಗೆ ನೆಂಟಸ್ತಿಕೆ, ವ್ಯವಹಾರ, ಯಾವುದೇ ಹಿತಾಸಕ್ತಿ ಇದ್ದರೆ ಸರ್ಕಾರಿ ವಕೀಲ ಹಿಂದೆ ಸರಿಯಬೇಕು, ಮೇಲಧಿಕಾರಿಗೆ ಒಂದು ಪತ್ರ ಬರೆದರೆ ಸಾಕು. ಎರಡು ಊರು ದಾಟುವುದರೊಳಗೆ ಎಲ್ಲರೂ ಬೀಗರಾಗುವ ನಮ್ಮ ಕಡೆ ಇದು ಹೇಳಿದಷ್ಟು ಸುಲಭವಲ್ಲ.

ಹನ್ನೊಂದು ವರ್ಷಗಳ ಹಿಂದಿನ ಮಾತು. ಕಿತ್ತೂರು ಹೆದ್ದಾರಿ ಬದಿಯ ಮನರಂಜನಾ ಕ್ಲಬ್ಬೊಂದರಲ್ಲಿ ಹಣ ಪಣಕ್ಕಿಟ್ಟು ಇಸ್ಪೀಟು ಆಡಿಸಿದ ಮೊಕದ್ದಮೆ. ಕ್ಲಬ್ಬಿನ ಅಧ್ಯಕ್ಷ ಹಣಮಂತಪ್ಪನವರೇ ಮೊದಲ ಆರೋಪಿ. ಎರಡು ವರ್ಷ ಅದನ್ನು ಕಟ್ಟಿ ನಿಲ್ಲಿಸಿದ ಸಾಹೇಬರು, ಬೈಲಹೊಂಗಲದಲ್ಲಿ ಅಂತಿಮ ವಾದದ ದಿನ ಎದ್ದು ನಿಂತು ಹೀಗೆಂದರು:

"ಮೊನ್ನೆ ರವಿವಾರ ನನ್ನ ಮಗಳು ಶಿವಾನಿನ್ನ ನೋಡಾಕ ಒಬ್ಬ ಹುಡುಗ ಬಂದಿದ್ದರಿ, ಗೌರೀಶ ಅಂತ. ಅಂವಾ ಈ ಆರೋಪಿ ಮಗ ಅನ್ನೂದು ಇವರು ಬಾಗಲಕ್ಕ ಬಂದು ನಿಂತ ಮ್ಯಾಲ ಗೊತ್ತಾತು. ಮನಿಗೆ ಬಂದವರನ್ನ ಕಳಸಾಕ ಆಗಲಿಲ್ಲ, ಚಹಾ ಕೊಟ್ಟೇನಿ. ಈ ಕೇಸಿನ್ಯಾಗ ನಾ ವಾದ ಮಾಡಾಂಗಿಲ್ರಿ."

ನಾನು ಅವರ ಹಿಂದಿನ ಕುರ್ಚಿಯಲ್ಲೇ ಕುಳಿತಿದ್ದೆ. ಸಂಬಂಧ ಗಟ್ಟಿಯಾಗುವವರೆಗೆ ಹೆಣ್ಣು ನೋಡಿದ ಸುದ್ದಿಯನ್ನು ನೆರೆಮನೆಗೂ ಹೇಳದ ನಾಡಿನಲ್ಲಿ, ತಂದೆಯೇ ಅದನ್ನು ತುಂಬಿದ ನ್ಯಾಯಾಲಯದಲ್ಲಿ ಹೇಳಿಬಿಟ್ಟಿದ್ದರು. ಮರುದಿನ ಹೆಸರು ಸಮೇತ ಪತ್ರಿಕೆಯಲ್ಲಿ ಬಂತು. ಹಣಮಂತಪ್ಪನವರ ಮನೆಯವರು ಸಂಬಂಧ ಬೇಡವೆಂದರು; ಮೊಕದ್ದಮೆ ಬೇರೆಯವರ ಕೈಗೆ ಹೋಗಿ ಬಿದ್ದುಹೋಯಿತು. ಊರೆಲ್ಲ ಸಾಹೇಬರ ಪ್ರಾಮಾಣಿಕತೆಯನ್ನು ಕೊಂಡಾಡಿತು. ಹೊಸದಾಗಿ ಬಂದ ಪ್ರತಿಯೊಬ್ಬ ಅಭಿಯೋಜಕನಿಗೂ ನಾನು ಈ ಕಥೆಯನ್ನು ಎದೆಯುಬ್ಬಿಸಿ ಹೇಳುತ್ತ ಬಂದೆ.

ಬೀಳ್ಕೊಡುಗೆಯ ಈ ಲೇಖನಕ್ಕಾಗಿ ಕಳೆದ ತಿಂಗಳು ಶಿವಾನಿಯವರನ್ನು ಕಂಡೆ. ಈಗ ಅವರು ನೇಸರಗಿಯಲ್ಲಿ ಶಿಕ್ಷಕಿ. ಗಂಡ, ಇಬ್ಬರು ಮಕ್ಕಳ ಸಂಸಾರ. ತಂದೆಯ ಬಗ್ಗೆ ನಾಲ್ಕು ಒಳ್ಳೆಯ ಮಾತು ಬರೆದುಕೊಳ್ಳಲು ಪೆನ್ನು ತೆರೆದು ಕುಳಿತಿದ್ದೆ.

"ಗೌರೀಶನ್ನ ನಾ ಒಪ್ಪಿದ್ದೆರಿ," ಎಂದರು. "ಅವ್ವಗ ಹೇಳಿದ್ದೆ. ಅಪ್ಪಗ ಹೇಳೂದ್ರಾಗ ಪೇಪರಿನ್ಯಾಗ ನನ್ನ ಹೆಸರು ಬಂತು. ಕೇಸು ಬಿಟ್ಟಿದ್ದು ತಪ್ಪು ಅನ್ನಾಂಗಿಲ್ಲ ನಾ. ಪತ್ರ ಬರದ್ರ ಸಾಕಿತ್ತಲ್ರಿ? ನನ್ನ ಹೆಸರು ಯಾಕ ಬೇಕಾಗಿತ್ತು?"

ಪತ್ರ ಬರೆದರೆ ಸಾಕೆಂದು ಇಷ್ಟು ವರ್ಷ ಪಾಠ ಹೇಳಿದ ನನಗೆ ಈ ಪ್ರಶ್ನೆ ಒಮ್ಮೆಯೂ ಹೊಳೆದಿರಲಿಲ್ಲ. ನಾಚಿಕೆಯಾಯಿತು. ಆ ನಾಚಿಕೆ ಇಂದಿಗೂ ಹೋಗಿಲ್ಲ. ನೇರವಾಗಿ ಸಾಹೇಬರ ಮನೆಗೆ ಬಂದು ಎಲ್ಲವನ್ನೂ ಹೇಳಿದೆ.

"ಒಪ್ಪಿದ್ಲೇನು?" ಎಂದು ಕೇಳಿ ಕನ್ನಡಕ ತೆಗೆದು ಒರೆಸಿಕೊಂಡರು. ಆಮೇಲೆ, "ಕೋರ್ಟಿಗೆ ಏನೂ ಮುಚ್ಚಿಡಲಿಲ್ಲಂತ ಹಿಗ್ಗಿದ್ದೆ. ಅಕೀನ್ನ ಒಂದು ಮಾತು ಕೇಳಲಿಲ್ಲ ನೋಡು," ಎಂದರು.

"ಇದನ್ನ ಲೇಖನದಾಗ ಬಿಡ್ಲೇನ್ರಿ ಸಾಹೇಬ್ರ?"

"ಇದನ್ನ ಬಿಡಬ್ಯಾಡ. ಉಳದದ್ದು ಬೇಕಾದ್ರ ಬಿಡು."

ಗುರುಗಳ ಆಜ್ಞೆ ಮೀರುವ ಧೈರ್ಯ ನನಗಿಲ್ಲವಾದ್ದರಿಂದ ಅದನ್ನೂ ಬರೆದಿದ್ದೇನೆ. ಅವರಿಗೆ ನೂರು ತುಂಬಲಿ, ಜೂಜಿನ ಕಾನೂನಿನ ಕುರಿತು ಅವರು ಬರೆಯುತ್ತಿರುವ ಪುಸ್ತಕ ಬೇಗ ಕೈಸೇರಲಿ ಎಂದು ಹಾರೈಸಿ, ಅವರ ಒಪ್ಪಿಗೆಗಾಗಿ ಈ ಹಾಳೆಗಳನ್ನು ನಿನ್ನೆ ಮುಂಜಾನೆ ಒಯ್ದೆ. ಸಾಹೇಬರು ಇರಲಿಲ್ಲ. ಬಾಗಿಲಿಗೆ ಬಂದ ಅವರ ಪತ್ನಿ ಸೋಮವ್ವನವರು ಹೇಳಿದರು: "ಮಗಳ ಕಡೆ ಹೋಗ್ಯಾರ್ರಿ. ಏನ ಹೇಳ್ಬೇಕಂತ ರಾತ್ರಿ ಮೂರು ಸಲ ಬರದು ಹರದ್ರು."